ಖುಲಾ ಪತ್ರದ ಕೊನೆಯ ಸಾಲು

ಗಂಡ ಹೆಂಡತಿ ಇನ್ನು ಕೂಡಿ ಬಾಳಲಾಗದು ಎಂದಾದ ಮೇಲೆ ನಮ್ಮ ಜಮಾಅತ್‌ಗಳಲ್ಲಿ ಖುಲಾ ಪತ್ರ ಬರೆಯುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಮಕ್ಕಳಿಲ್ಲದಿದ್ದರೆ ಮೆಹರ್, ಒಡವೆಗಳ ಲೆಕ್ಕ ತೀರಿದರೆ ಆಯಿತು. ಎಳೆಯ ಮಕ್ಕಳಿದ್ದರೆ ಎಷ್ಟೋ ಸಲ ಕೊನೆಗೊಂದು ಸಾಲು ಸೇರುತ್ತದೆ: ಮಕ್ಕಳು ತಾಯಿಯ ಬಳಿ ಇರುವರು, ಅವರ ಖರ್ಚನ್ನು ಆಕೆ ಕೇಳತಕ್ಕದ್ದಲ್ಲ. ಬಿಡುಗಡೆ ಸಿಕ್ಕರೆ ಸಾಕೆಂದು ಆಕೆ ರುಜು ಹಾಕುತ್ತಾಳೆ. ಹಿರಿಯರು ಚಹಾ ಕುಡಿದು ಏಳುತ್ತಾರೆ.

ಆಕೆ ಬಿಟ್ಟುಕೊಟ್ಟದ್ದು ಯಾರ ಸೊತ್ತು? ಮೆಹರ್ ಅವಳದು, ಮರಳಿಸಲಿ. ಸಾಬಿತ್ ಬಿನ್ ಖೈಸ್‌ರ ಪತ್ನಿ ಬಿಡುಗಡೆ ಬೇಡಿದಾಗ ಪ್ರವಾದಿಯವರು (ಸ) ಮರಳಿಸುವೆಯಾ ಎಂದು ಕೇಳಿದ್ದು ಮೆಹರಾಗಿ ಬಂದಿದ್ದ ತೋಟವನ್ನು. ಮಗುವಿನ ನಫಖಾ ಮಗುವಿನದು; ಹೊಣೆ ತಂದೆಯದು. ಇಂಥ ಷರತ್ತನ್ನು ಒಪ್ಪಿದ ಹನಫೀ ಪಂಡಿತರು ಇದ್ದಾರೆ, ನಿಜ. ಆದರೆ ತಾಯಿಯ ಕೈ ಬರಿದಾದರೆ ತಂದೆಯೇ ಕೊಡಬೇಕೆಂದು ಹೇಳಿದವರೂ ಅವರೇ. ನಮ್ಮವರಿಗೆ ಮೊದಲ ಮಾತಷ್ಟೇ ನೆನಪಿರುತ್ತದೆ.

ವಿಚ್ಛೇದಿತ ಮುಸ್ಲಿಂ ಮಹಿಳೆಯ ಮಕ್ಕಳಿಗೂ ತಂದೆಯಿಂದ ಜೀವನಾಂಶ ಪಡೆಯುವ ಪೂರ್ಣ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 1997ರಲ್ಲೇ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಹೇಳಿದೆ. ಗಂಡ 2 ವರ್ಷ ಜೀವನಾಂಶ ಕೊಡದಿದ್ದರೆ ಅದೊಂದೇ ಕಾರಣದಿಂದ ಹೆಂಡತಿ ನ್ಯಾಯಾಲಯದಲ್ಲಿ ವಿಚ್ಛೇದನ ಕೇಳಲು 1939ರ ಕಾಯ್ದೆಯಲ್ಲಿ ದಾರಿಯಿದೆ. ಹಾಗಿದ್ದ ಮೇಲೆ ಬಿಡುಗಡೆಗೆ ಮಗುವಿನ ಅನ್ನವನ್ನು ಬೆಲೆ ಕಟ್ಟುವುದೇಕೆ?

ಕೌಟುಂಬಿಕ ನ್ಯಾಯಾಲಯದ ಅಲೆದಾಟಕ್ಕೆ ಹೆದರಿ ಜಮಾಅತ್‌ಗೆ ಬರುವವರನ್ನು ನಾವು ದೂರುವುದಿಲ್ಲ. ಅಲ್ಲಿ ಪತ್ರ ಬರೆಯುವವರು ಮಗು ಯಾರ ಬಳಿ, ತಂದೆ ಯಾವ ದಿನ ಬಂದು ನೋಡಬೇಕು, ಶಾಲೆಯ ಫೀಸಿಗೆ ತಿಂಗಳಿಗೆಷ್ಟು ಎಂಬುದನ್ನು ಮೊದಲು ಬರೆಯಲಿ. ಮೆಹರಿನ ಲೆಕ್ಕ ಆಮೇಲೆ.