ಕಂಬದ ಮೇಲಿರುವವನಿಗಾಗಿ



ನಮ್ಮ ದೇವಾಲಯದ ಛಾವಣಿಯ ಮೇಲೆ ಸೌರಫಲಕ ಕೂರಿಸಿದಾಗ ನಾನು ಪ್ರಬೋಧನೆಯಲ್ಲೇ ಹೆಮ್ಮೆಯಿಂದ ಹೇಳಿದ್ದೆ: "ಇನ್ನು ಕರೆಂಟಿಗಾಗಿ ನಾವು ಯಾರ ಹಂಗಿನಲ್ಲೂ ಇಲ್ಲ." ಕೆಲವೇ ದಿನಗಳಲ್ಲಿ ಒಂದು ಮದುವೆಯ ಬಲಿಪೂಜೆ. ಹೊರಗೆ ಸುಡುವ ಬಿಸಿಲು. ಒಳಗೆ ಫ್ಯಾನು, ಮೈಕು ಎರಡೂ ಥಟ್ಟನೆ ನಿಂತವು. ಪೂಜೆ ಮುಗಿದೊಡನೆ ಫಲಕ ಜೋಡಿಸಿದ ಹುಡುಗನಿಗೆ ಫೋನು ಮಾಡಿ ರೇಗಿದೆ. ಅವನು ಶಾಂತವಾಗಿಯೇ ಹೇಳಿದ: "ಫಾದರ್, ಊರಿನ ಲೈನಿನಲ್ಲಿ ಕರೆಂಟು ಹೋದರೆ ನಿಮ್ಮದೂ ತಾನಾಗಿ ನಿಲ್ಲಬೇಕು. ಇಲ್ಲದಿದ್ದರೆ ಛಾವಣಿಯ ಕರೆಂಟು ತಂತಿಗೆ ಹರಿದು, ರಿಪೇರಿಗೆ ಕಂಬ ಹತ್ತಿದವನ ಜೀವ ಹೋದೀತು."

ಕಿಟಕಿಯಿಂದ ನೋಡಿದೆ. ರಸ್ತೆಯ ಕಂಬದ ಮೇಲೆ ಲೈನ್‌ಮನ್ ಒಬ್ಬ ಕೆಲಸ ಮಾಡುತ್ತಿದ್ದ. ನನ್ನ ಸಿಟ್ಟು ಇಳಿಯಿತು, ನಾಚಿಕೆ ಏರಿತು.

ನಮ್ಮ ವಿದ್ಯುತ್ ಜಾಲ ಸೆಕೆಂಡಿಗೆ 50 ಆವರ್ತಗಳ ಒಂದೇ ತಾಳದಲ್ಲಿ ನಡೆಯುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವೂ ಉಳಿದ ದೇಶದ ತಾಳಕ್ಕೆ ಕೂಡಿಕೊಂಡಿತು. ಛಾವಣಿಯ ಇನ್ವರ್ಟರ್ ಆ ತಾಳವನ್ನು ಆಲಿಸಿ ತನ್ನ ಪಾಲನ್ನು ಬೆರೆಸುತ್ತದೆ. ತಾಳ ಕೇಳದಿದ್ದರೆ ಸುಮ್ಮನಾಗುತ್ತದೆ. ಸಂತ ಪೌಲರು ಕೊರಿಂಥದವರಿಗೆ ವಿವರಿಸಿದ ಒಂದೇ ದೇಹದ ಹಲವು ಅಂಗಗಳು ನೆನಪಾಗುವುದಿಲ್ಲವೇ?

ಇನ್ನೊಂದು ಸತ್ಯವಿದೆ. ಜಾಲದಲ್ಲಿ ಆಯಾ ಕ್ಷಣಕ್ಕೆ ಬೇಕಾದಷ್ಟನ್ನು ಆಯಾ ಕ್ಷಣವೇ ಒದಗಿಸಬೇಕು. ಆದರೆ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಕೂಡ ಸೂರ್ಯ ಮುಳುಗಿದೊಡನೆ ಮೌನವಾಗುತ್ತದೆ. ಮನೆಮನೆಯಲ್ಲಿ ದೀಪ ಹತ್ತುವುದು ಆಗಲೇ. ಆಗ ಶರಾವತಿಯ ನೀರು, ಚಿತ್ರದುರ್ಗದ ಗಾಳಿ, ರಾಯಚೂರಿನ ಕಲ್ಲಿದ್ದಲು ಆಸರೆಗೆ ಬರಬೇಕು. ಹಗಲು ಮಿಕ್ಕಿದ್ದನ್ನು ಬ್ಯಾಟರಿಯಲ್ಲಿ ಕೂಡಿಡುವುದೂ ಇದೇ ಕಾರಣಕ್ಕೆ. ಯಾರ ಹಂಗೂ ಇಲ್ಲವೆಂದ ನಮ್ಮ ದೇವಾಲಯದಲ್ಲಿ ಸಂಜೆಯ ಜಪಮಾಲೆಗೆ ಉರಿಯುವ ದೀಪ ಬೇರೆಯವರ ಕೊಡುಗೆ!

ಪ್ರಿಯರೇ, ಕುಟುಂಬದಲ್ಲೂ ಹೀಗೆಯೇ ಅಲ್ಲವೇ? "ನನ್ನ ದುಡಿಮೆ, ನನ್ನ ದುಡ್ಡು" ಎನ್ನುವ ಮಗನೂ ಒಂದು ಸಂಜೆ ಯಾರದೋ ಕೈಯಿಂದ ಗಂಜಿ ಕುಡಿಯಬೇಕಾಗುತ್ತದೆ. ಕೊಡುವುದನ್ನು ಕಲಿತವರು ಪಡೆಯುವ ದೀನತೆಯನ್ನೂ ಕಲಿಯಬೇಕು. ಪರರ ಜೀವಕ್ಕಾಗಿ ನಮ್ಮ ಸೌಕರ್ಯವನ್ನು ಗಳಿಗೆ ಹೊತ್ತು ನಿಲ್ಲಿಸುವುದನ್ನೂ ಕಲಿಯಬೇಕು.

ಛಾವಣಿಯಲ್ಲಿ ಫಲಕವಿಲ್ಲದ ಮನೆಯವರೂ ಇದರಲ್ಲಿ ಪಾಲುಗೊಳ್ಳಬಹುದು. ನೀರಿನ ಪಂಪು, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರಗಳ ಕೆಲಸವನ್ನು ಬಿಸಿಲಿರುವಾಗಲೇ ಮುಗಿಸಿರಿ. ಸಂಜೆಯ ಹೊರೆ ಅಷ್ಟು ಇಳಿಯುತ್ತದೆ. ಇದು ದೇವರ ಸೃಷ್ಟಿಗೂ ನೆರೆಯವರಿಗೂ ಸಲ್ಲಿಸುವ ಸಣ್ಣ ಉಪವಾಸ.

ಮುಂದಿನ ಭಾನುವಾರ ಅದೇ ಪೀಠದಿಂದ ನನ್ನ ಮಾತನ್ನು ಹಿಂತೆಗೆದುಕೊಂಡೆ. ಇನ್ನೊಮ್ಮೆ ಬಿಸಿಲಿನಲ್ಲಿ ಫ್ಯಾನು ನಿಂತಾಗ ನೀವು ಗೊಣಗುವ ಮುನ್ನ, ಕಂಬದ ಮೇಲಿರುವವನಿಗಾಗಿ ಒಂದು ನಮೋ ಮರಿಯ ಹೇಳಿರಿ. ಅವನ ಮನೆಯಲ್ಲೂ ಮಕ್ಕಳು ಕಾಯುತ್ತಿರುತ್ತಾರೆ.