ಕಾಳಗದ ಸರದಿ

ದಾಳವನ್ನು ಉರುಳಿಸಿ ಕಲ್ಪಿತ ವೀರರ ಬಾಳನ್ನು ನಡೆಸುವ ಆಟಗಳಿಗೆಲ್ಲ ಮೂಲವೆನ್ನಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’, 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರಿಂದ ಹೊರಬಂದಾಗ, ಒಂದು ಮೇಜಿನ ಸುತ್ತ ಕುಳಿತವರ ಆಟವಾಗಿತ್ತು. ಇಂದು ಅದನ್ನು ಬರಹದಲ್ಲಿಯೇ ಆಡುವವರೂ ಹಲವರುಂಟು. ಒಬ್ಬೊಬ್ಬನೂ ತನಗೆ ಬಿಡುವಾದಾಗ ತನ್ನ ಪಾತ್ರದ ನುಡಿಯನ್ನೂ ನಡೆಯನ್ನೂ ಬರೆದಿಡುತ್ತಾನೆ. ಆಟವನ್ನು ನಡೆಸುವ ಡಂಜನ್ ಮಾಸ್ಟರನು ಅದರ ಫಲವನ್ನು ಬರೆದು ತಿಳಿಸುತ್ತಾನೆ. ಸಂಭಾಷಣೆಗೂ ಸಂಚಾರಕ್ಕೂ ಈ ವಿಧಾನ ಎಷ್ಟು ಒಗ್ಗುವುದೆಂದರೆ, ಮೇಜಿನ ಬಳಿ ತೊದಲುವವನೂ ಇಲ್ಲಿ ವಾಗ್ಮಿಯಾಗುತ್ತಾನೆ. ಕಾಳಗ ಬಂದಾಗ ಮಾತ್ರ ಆಟ ಮುಗ್ಗರಿಸುತ್ತದೆ. ಇದಕ್ಕೆ ಆಟಗಾರರ ಆಲಸ್ಯವನ್ನು ದೂರುವುದು ವಾಡಿಕೆ. ಕಾಲದ ವಿಷಯದಲ್ಲಿ ನಾವು ಪರೀಕ್ಷಿಸದೆಯೇ ಒಪ್ಪಿಕೊಂಡಿರುವ ಒಂದು ಭಾವನೆಯೇ ಇದರ ಕಾರಣವೆಂದು ನನಗೆ ತೋರುತ್ತದೆ.

ಈಗಿನ ನಿಯಮದಂತೆ ಕಾಳಗದ ಆರಂಭದಲ್ಲಿ ಪ್ರತಿಯೊಬ್ಬನೂ ಇಪ್ಪತ್ತು ಮುಖಗಳ ದಾಳವನ್ನು ಉರುಳಿಸಿ, ಬಂದ ಸಂಖ್ಯೆಗೆ ತನ್ನ ಪಾತ್ರದ ಅಂಗಲಾಘವದ ಅಂಕವನ್ನು ಕೂಡಿಸುತ್ತಾನೆ. ಹೆಚ್ಚು ಬಂದವನಿಗೆ ಮೊದಲ ಸರದಿ, ಉಳಿದವರಿಗೆ ಇಳಿಮುಖವಾಗಿ. ಇದಕ್ಕೆ ಇನಿಷಿಯೇಟಿವ್ ಎಂದು ಹೆಸರು. ಎಲ್ಲರಿಗೂ ಒಮ್ಮೊಮ್ಮೆ ಸರದಿ ಬಂದುಹೋದರೆ ಒಂದು ಸುತ್ತು. ಕಥೆಯ ಲೋಕದಲ್ಲಿ ಅದಕ್ಕೆ ಹಿಡಿಯುವ ಕಾಲ ಸುಮಾರು 6 ಸೆಕೆಂಡು. ಐವರು ಆಟಗಾರರು ದಿನಕ್ಕೊಮ್ಮೆ ಬರೆಯತಕ್ಕವರಾಗಿದ್ದು, ಒಬ್ಬನು ಬರೆದ ಮೇಲೆಯೇ ಮತ್ತೊಬ್ಬನು ಬರೆಯಬೇಕೆಂಬ ಕಟ್ಟುಪಾಡಿದ್ದರೆ, ಮೂರು ಸುತ್ತುಗಳ ಒಂದು ಸಣ್ಣ ಕಾದಾಟಕ್ಕೆ, ಎಂದರೆ 18 ಸೆಕೆಂಡುಗಳ ಕಥೆಗೆ, ಹದಿನೈದು ದಿನಗಳವರೆಗೂ ಹಿಡಿಯಬಹುದು. ಇಷ್ಟರೊಳಗೆ ಒಬ್ಬನು ಮದುವೆಗೆಂದು ಊರಿಗೆ ಹೋದನೆಂದರೆ, ಗಾಬ್ಲಿನ್ ಎತ್ತಿದ ಕತ್ತಿ ಎತ್ತಿದಂತೆಯೇ ಉಳಿಯುತ್ತದೆ.

ಇಷ್ಟು ಕಾದು ನಾವು ಉಳಿಸಿಕೊಳ್ಳುವುದಾದರೂ ಏನನ್ನು? ಎಲ್ಲರ ಹೋರಾಟವೂ ಆ 6 ಸೆಕೆಂಡುಗಳೊಳಗೇ ಅಡಗಬೇಕಾದ್ದರಿಂದ, ಐವರೂ ಒಟ್ಟಿಗೇ ಕಾದಾಡುತ್ತಿದ್ದಾರೆಂದು ತಿಳಿಯುವುದಲ್ಲದೆ ಗತ್ಯಂತರವಿಲ್ಲ. ನಮ್ಮ ತಾರ್ಕಿಕರಲ್ಲಿ ಪ್ರಸಿದ್ಧವಾದ ಒಂದು ದೃಷ್ಟಾಂತವಿದೆ: ಒಂದರ ಮೇಲೊಂದು ಪೇರಿಸಿದ ನೂರು ಕಮಲದೆಸಳುಗಳನ್ನು ಸೂಜಿಯಿಂದ ಚುಚ್ಚಿದರೆ ನೂರೂ ಏಕಕಾಲದಲ್ಲಿ ಭೇದಿಸಲ್ಪಟ್ಟಂತೆ ತೋರುತ್ತದೆ, ವಾಸ್ತವದಲ್ಲಿ ಒಂದಾದ ಮೇಲೊಂದು. ಮನಸ್ಸು ಅಣುವಾದ್ದರಿಂದ ಎರಡು ಜ್ಞಾನಗಳು ಒಟ್ಟಿಗೆ ಹುಟ್ಟವೆಂದು ಸಾಧಿಸಿದ ನೈಯಾಯಿಕರಿಗೆ ಕ್ರಮವೇ ದಿಟ, ಯೌಗಪದ್ಯವು ತೋರಿಕೆ. ನಮ್ಮ ಆಟದಲ್ಲಿ ಇದು ತಲೆಕೆಳಗಾಗಿದೆ. ಇಲ್ಲಿ ಯೌಗಪದ್ಯವೇ ಕಥೆಯ ದಿಟ. ಐವರು ಒಮ್ಮೆಲೇ ಕೂಗಿದರೆ ಕೇಳುವವನಿಗೆ ಒಂದೂ ತಿಳಿಯದೆಂಬ ಕಾರಣಕ್ಕಾಗಿ ಮೇಜಿನವರು ಕಟ್ಟಿಕೊಂಡ ವ್ಯವಸ್ಥೆಯೇ ಕ್ರಮ. ಎಂದಮೇಲೆ ಅದು ಬಹುಮಟ್ಟಿಗೆ ಮಾತಿನ ಸರದಿ. ಏಟಿನ ಸರದಿಯೂ ಅದರೊಡನೆ ಬೆಸೆದುಕೊಂಡಿರುವುದರಿಂದ ಮೇಜಿನ ಬಳಿ ಈ ಭೇದ ಯಾರ ಕಣ್ಣಿಗೂ ಬೀಳದು.

ಅಲನ್ ಕ್ಯಾಲ್‌ಹ್ಯಾಮರ್ 1959ರಲ್ಲಿ ಪ್ರಕಟಿಸಿದ ‘ಡಿಪ್ಲೊಮಸಿ’ ಎಂಬ ಆಟದಲ್ಲಿ ಯೂರೋಪಿನ ಏಳು ಪ್ರಬಲ ರಾಷ್ಟ್ರಗಳ ಪರವಾಗಿ ಆಡುವವರು ತಮ್ಮ ಸೈನ್ಯಗಳಿಗೆ ಆಜ್ಞೆಗಳನ್ನು ಗುಟ್ಟಾಗಿ ಬರೆಯುತ್ತಾರೆ. ಎಲ್ಲ ಚೀಟಿಗಳನ್ನೂ ಒಟ್ಟಿಗೆ ತೆರೆಯಲಾಗುತ್ತದೆ. ಸರದಿಯೆಂಬುದೇ ಇಲ್ಲದ ಕಾರಣ, 1963ರಲ್ಲಿ ಜಾನ್ ಬೋರ್ಡ್‌ಮನ್ ಅದನ್ನು ಅಂಚೆಯಲ್ಲಿ ಆಡಿಸತೊಡಗಿದಾಗ ಆಟದ ಕಟ್ಟಡಕ್ಕೆ ಯಾವ ಊನವೂ ಆಗಲಿಲ್ಲ. ‘ಡಂಜನ್ಸ್’ ಆಟಕ್ಕೆ ಆ ಭಾಗ್ಯವಿಲ್ಲ. ಆದರೂ ಬರಹದಲ್ಲಿ ಪಳಗಿದ ಮಾಸ್ಟರುಗಳು ಒಂದು ದಾರಿ ಕಂಡುಕೊಂಡಿದ್ದಾರೆ: ಶತ್ರುಗಳಿಗೆಲ್ಲ ಸೇರಿ ಒಂದೇ ದಾಳ, ಅದನ್ನು ಮೀರಿದ ವೀರರು ತಮ್ಮತಮ್ಮಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು, ಆಮೇಲೆ ಶತ್ರುಗಳು, ಆಮೇಲೆ ವೀರರೆಲ್ಲರೂ ಒಂದೇ ತಂಡವಾಗಿ. ಇದೇನೂ ಹೊಸತಲ್ಲ, 1981ರ ‘ಬೇಸಿಕ್’ ನಿಯಮಗಳಲ್ಲಿ ಒಂದೊಂದು ಪಕ್ಷಕ್ಕೆ ಆರು ಮುಖದ ಒಂದೊಂದು ದಾಳವೇ ಇದ್ದಿತು.

ಇದಕ್ಕೆ ಪ್ರಬಲವಾದ ಆಕ್ಷೇಪವೊಂದುಂಟು. ಮೊದಲ ಸುತ್ತು ಕಳೆದರೆ ದಾಳಕ್ಕೆ ಕೆಲಸವೇ ಉಳಿಯುವುದಿಲ್ಲ. ಬಲವನ್ನು ಬಿಟ್ಟುಕೊಟ್ಟು ಚುರುಕನ್ನು ಆರಿಸಿಕೊಂಡವನಿಗೆ ಇದರಿಂದ ಅನ್ಯಾಯವಾಗುತ್ತದೆ. ಒಪ್ಪತಕ್ಕ ಮಾತೇ. ಆದರೆ ಆ ಕ್ರಮದೊಳಗೆ ಎರಡು ಬೇರೆ ಪದಾರ್ಥಗಳು ಹುದುಗಿದ್ದವೆಂಬುದನ್ನು ಆಕ್ಷೇಪಿಸುವವರು ಗಮನಿಸುವುದಿಲ್ಲ: ಚುರುಕಾದವನಿಗೆ ಮೊದಲ ಏಟು, ಹಿಂದುಳಿದವನಿಗೆ ಮುಂದಿನವರ ನಡೆಯ ತಿಳಿವು. ಮೊದಲನೆಯದನ್ನು ಬರಹದಲ್ಲಿಯೂ ಉಳಿಸಿಕೊಡಬಹುದು. ಶತ್ರು ಅಲುಗುವ ಮುನ್ನ ಹೊಡೆಯುವ ಹಕ್ಕು ಅವನಿಗಿದ್ದರೆ ಸಾಕು. ಎರಡನೆಯದನ್ನು ಹಂಚುವುದು ದಾಳದ ಕೈಯಲ್ಲಿಲ್ಲ. ಅದನ್ನು ಹಂಚುವವನು ಸೂರ್ಯ.

ಬೆಂಗಳೂರಿನವನೊಬ್ಬ ರಾತ್ರಿ ಒಂಬತ್ತಕ್ಕೆ, ಊಟ ಮುಗಿಸಿ, ತನ್ನ ವೀರನು ಬಾಗಿಲಲ್ಲಿದ್ದ ಗಾಬ್ಲಿನ್‌ಗಳ ನಡುವೆ ನುಗ್ಗಿದನೆಂದು ಬರೆಯುತ್ತಾನೆ; ದಾಳದಲ್ಲಿ ಇಪ್ಪತ್ತೇ ಬಿದ್ದಿದೆ, ಅಂಥದು ಅಪರೂಪ. ನ್ಯೂಜೆರ್ಸಿಯಲ್ಲಿ ಆಗ, ಬೇಸಿಗೆಯಾದರೆ, ಬೆಳಗಿನ ಹನ್ನೊಂದೂವರೆ. ಅಲ್ಲಿನ ಮಂತ್ರವಾದಿನಿಯ ಪಾತ್ರದವಳು ಸಂಜೆ ಇದನ್ನೋದಿ, ಅದೇ ಬಾಗಿಲಿಗೆ 20 ಅಡಿ ತ್ರಿಜ್ಯದ ಬೆಂಕಿಯುಂಡೆಯನ್ನು ಎಸೆಯಬೇಕೆಂದಿದ್ದವಳು, ‘ನಾನು ಅವನಿಗಿಂತ ಮುಂಚೆ ಎಸೆದೆನೆಂದು ಭಾವಿಸೋಣ’ ಎನ್ನುತ್ತಾಳೆ. ತಂಡದೊಳಗೆ ಕ್ರಮವಿಲ್ಲವಾದ್ದರಿಂದ ತರ್ಕದಲ್ಲಿ ತಪ್ಪಿಲ್ಲ. ಆದರೆ ಹಾಗೆ ಭಾವಿಸಿದೊಡನೆ ಬೆಂಗಳೂರಿನವನು ಕಡಿದುಹಾಕಿದ ಗಾಬ್ಲಿನ್ ಮೊದಲೇ ಬೂದಿಯಾಗಿರುತ್ತದೆ, ಅವನ ಇಪ್ಪತ್ತು ಗಾಳಿಗೆ ಹೋಗುತ್ತದೆ. ಇಲ್ಲಿ ಮಾಸ್ಟರನು ತೀರ್ಮಾನಿಸಬೇಕಾದ್ದು ಕಾಲದ ಪ್ರಶ್ನೆಯನ್ನಲ್ಲ, ಇಬ್ಬರು ಮನುಷ್ಯರ ನಡುವಣ ಋಣವನ್ನು. ಬರೆದು ದಾಳ ಉರುಳಿಸಿದ್ದನ್ನು ಹಿಂತೆಗೆಯಲಾಗದೆಂದೇ ನನ್ನ ಮತ. ಮೊದಲು ಬರೆದವನು ಕತ್ತಲಲ್ಲಿ ಹೆಜ್ಜೆಯಿಟ್ಟನು. ಆ ಹೆಜ್ಜೆ ಬಿದ್ದ ಸ್ಥಳವನ್ನು ಕಂಡು ಬರೆಯುವ ಅನುಕೂಲವುಳ್ಳವಳು ಅದನ್ನು ಕಾಪಾಡುವ ಹೊಣೆಯನ್ನೂ ಹೊರಬೇಕು. ಬೆಂಕಿಯನ್ನು ಅವಳು ತುಸು ಹಿಂದಕ್ಕೆ, ಬಾಣ ಹಿಡಿದವರ ಸಾಲಿನ ಕಡೆಗೆ, ಎಸೆಯಲಿ. ಇಬ್ಬರೂ ಒಪ್ಪಿ ಬದಲಿಸಿಕೊಳ್ಳುವುದಾದರೆ ಮಾತು ಬೇರೆ. ಆದರೆ ಆ ಒಪ್ಪಿಗೆ ಪಡೆಯುವುದಕ್ಕೆ ಮತ್ತೊಂದು ದಿನ ಹೋಯಿತು.

ಬರಹದಲ್ಲಿ ನಿಜವಾಗಿ ಕಳೆದುಹೋಗುವುದು ಬೇರೊಂದಿದೆ. ‘ಶೀಲ್ಡ್’ ಎಂಬ ಮಂತ್ರವನ್ನು ಬಾಣ ತಗುಲಿತೆಂದು ತಿಳಿದ ಕ್ಷಣದಲ್ಲಿ ಉಚ್ಚರಿಸಿದರೆ ರಕ್ಷಣೆಯ ಅಂಕ 5ರಷ್ಟು ಏರಿ ಬಾಣ ಜಾರಿಹೋಗಬಹುದು. ಮೇಜಿನ ಬಳಿ ಮಂತ್ರವಾದಿನಿ ನಡುವೆಯೇ ಕೂಗಿಬಿಡುತ್ತಾಳೆ. ಬರಹದಲ್ಲಿ ಅವಳು ಎಚ್ಚರಗೊಂಡು ಓದುವವರೆಗೆ ಬಾಣ ಆಕಾಶದಲ್ಲಿ ನಿಲ್ಲಬೇಕು. ಅದು ಬೇಡವೆಂದರೆ ‘ಬಾಣ ತಗುಲಿದರೆ, 5ರಿಂದ ಅದು ತಪ್ಪುವಂತಿದ್ದರೆ, ಮಂತ್ರ ಹೇಳುವೆನು’ ಎಂದು ಮೊದಲೇ ಬರೆದಿಡಬೇಕು. ಮಾಸ್ಟರುಗಳು ಇದನ್ನೇ ಕೇಳುತ್ತಾರೆ, ಕೇಳುವುದು ಸರಿಯೂ ಹೌದು. ಆದರೆ ಅಪಾಯ ಬರುವ ಮೊದಲೇ ಮಾಡಿದ ಸಂಕಲ್ಪಕ್ಕೂ ಎದುರಿಗೆ ಬಂದಾಗ ಹುಟ್ಟುವ ಸಂಕಲ್ಪಕ್ಕೂ ಬಹಳ ಅಂತರವಿದೆ. ಉಳಿದಿರುವ ಕೊನೆಯ ಮಂತ್ರವನ್ನು ಇದಕ್ಕೆ ವ್ಯಯಿಸಲೇ ಬೇಡವೇ ಎಂಬ ಅರೆಕ್ಷಣದ ಕಂಪನವಿದೆಯಲ್ಲ, ಅದು ಷರತ್ತಿನ ವಾಕ್ಯದೊಳಗೆ ಹಿಡಿಸುವುದಿಲ್ಲ. ಸರದಿಯ ಲೋಪವನ್ನು ತುಂಬಿಕೊಡಬಹುದು, ಇದನ್ನು ತುಂಬಿಕೊಡುವ ನಿಯಮ ನನಗೆ ಕಂಡಿಲ್ಲ.

ಇನ್ನು ಬರೆಯದೆ ಉಳಿದವನ ಮಾತು. ಎರಡು ದಿನ ಕಾದು ಅವನ ಪಾತ್ರವನ್ನು ಮಾಸ್ಟರನೇ ನಡೆಸುವುದು ಪದ್ಧತಿ. ಹೀಗೆ ಪರರ ಪರವಾಗಿ ಆಡುವಾಗ ಮಿತವ್ಯಯವೇ ಧರ್ಮ: ಅವನ ವೀರನು ಏಟು ತಪ್ಪಿಸಿಕೊಳ್ಳುತ್ತ ನಿಲ್ಲಲಿ, ಅಥವಾ ಎದುರಿಗಿರುವವನ ಮೇಲೆ ಸಾಮಾನ್ಯವಾದ ಒಂದು ಹೊಡೆತ ಹಾಕಲಿ, ದಿನಕ್ಕೊಮ್ಮೆ ಮಾತ್ರ ದೊರೆಯುವ ಶಕ್ತಿಯನ್ನಾಗಲಿ, ಕಷ್ಟಪಟ್ಟು ಗಳಿಸಿದ ಔಷಧದ ಸೀಸೆಯನ್ನಾಗಲಿ, ಅವನಿಲ್ಲದಾಗ ಮುಟ್ಟಕೂಡದು. ಒಡನಾಡಿಯೊಬ್ಬನು ನೆಲಕ್ಕುರುಳಿ ಸಾಯುವಂತಿದ್ದು, ಆ ಸೀಸೆಯೊಂದೇ ಅವನನ್ನು ಉಳಿಸಬಲ್ಲದೆಂದಾದಾಗ ಏನು ಮಾಡಬೇಕೆಂದು ಕೇಳಿದರೆ, ಅಲ್ಲಿ ಮಾತ್ರ ಮೂರನೆಯ ದಿನವೂ ಕಾಯತಕ್ಕದ್ದೆಂದು ಹೇಳುವೆನು.