ಸಾಲಿನಲ್ಲಿ ಕೂತವರು

ಸೊಲ್ಲಾಪುರದ ಗಡ್ಡಾ ಜಾತ್ರೆಯ ಮೆರವಣಿಗೆ ಮುಗಿದರೂ ನಾನು ಪುಣೆಗೆ ಮರಳಲಿಲ್ಲ. 2025ರ ಜನವರಿ 19, ಭಾನುವಾರ. ದಿಲ್ಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪಿನ ಅಂತಿಮ ಪಂದ್ಯ. ಅದನ್ನು ನಮ್ಮೂರು ಕುಂಭಾರಿಯಲ್ಲಿ, ಅಕ್ಕನ ಮನೆಯಲ್ಲಿ, ಅಕ್ಕನ ಪಕ್ಕದಲ್ಲೇ ಕೂತು ನೋಡಬೇಕೆಂದು ಹಟ ಹಿಡಿದಿದ್ದೆ. ಆಕೆಗೆ 66, ನನಗೆ 64. ಹಬ್ಬಕ್ಕೆ ಮಾಡಿದ ಶೇಂಗಾ ಹೋಳಿಗೆ ಡಬ್ಬಿಯಲ್ಲಿ ಇನ್ನೂ ನಾಲ್ಕೈದು ಉಳಿದಿದ್ದವು. ಅಕ್ಕನ ಮೊಮ್ಮಗಳು ಟೀವಿಗೆ ಮೂಗು ತಾಗಿಸಿಕೊಂಡು ಕೂತಿದ್ದಳು.

ಪ್ರಿಯಾಂಕಾ ಇಂಗಳೆ ನಾಯಕಿಯಾಗಿದ್ದ ನಮ್ಮ ಹುಡುಗಿಯರ ತಂಡ ನೇಪಾಳವನ್ನು 78–40ರಿಂದ ಸೋಲಿಸಿತು. ಮೈಸೂರು ಸೀಮೆಯ ಕುರುಬೂರಿನ ಚೈತ್ರಾ ಆ ತಂಡದಲ್ಲಿದ್ದಾಳೆಂದು ಹೇಳಿದಾಗ ಅಕ್ಕ ಮುಖ ಅರಳಿಸಿದಳು. ಆದರೆ ಆಕೆ ನೋಡುತ್ತಿದ್ದದ್ದು ಓಡುವವರನ್ನಲ್ಲ.

“ಓಡಾಕಿನ್ನ ಎಲ್ಲಾರೂ ನೋಡ್ತಾರ ತಮ್ಮಾ. ಆ ಮೂಲ್ಯಾಗ ಕೂತಾಕಿನ್ನ ನೋಡು, ಎದಿ ಹೆಂಗ ಹೊಡಕೊಳ್ಳಾಕತ್ತದ.”

ಖೋ ಖೋದಲ್ಲಿ ಅಟ್ಟಿಸಿಕೊಂಡು ಹೋಗುವವನಿಗೆ ಬಂಧನ ಹೆಚ್ಚು. ತಪ್ಪಿಸಿಕೊಳ್ಳುವವನು ಕೂತವರ ನಡುವೆ ನುಸುಳಿ ಆಚೆ ಈಚೆ ಹಾರಬಹುದು. ಬೆನ್ನಟ್ಟುವವನು ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟುವ ತನಕ ಹಿಂದೆ ತಿರುಗುವಂತಿಲ್ಲ, ಸಾಲು ದಾಟುವಂತಿಲ್ಲ. ಆಚೆ ಬದಿಗೆ ಹೋಗಬೇಕಾದರೆ ಕೂತವರಲ್ಲಿ ಒಬ್ಬರ ಬೆನ್ನು ಮುಟ್ಟಿ ‘ಖೋ’ ಅನ್ನಬೇಕು. ಕೂತವರು ಎದ್ದು ಓಡುತ್ತಾರೆ, ಮುಟ್ಟಿದವರು ಅವರ ಜಾಗದಲ್ಲಿ ಕೂಡುತ್ತಾರೆ. ಕೈ ತಾಗುವ ಮುಂಚೆ ಎದ್ದರೆ ತಪ್ಪು. ಬೆನ್ನ ಹಿಂದೆ ಯಾರು ಬರುತ್ತಿದ್ದಾರೆಂದು ಕಾಣುವುದಿಲ್ಲ. ಕಾಣದ ಕೈಗಾಗಿ ಕಾಯಬೇಕು. ನಾವು ಆಡುತ್ತಿದ್ದ ಕಾಲಕ್ಕೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಗೆಳೆಯರಲ್ಲಿ ಕೆಲವರದು ತೆಲುಗು. ‘ಖೋ’ ಎಂಬ ಆ ಒಂದು ಕೂಗಿಗೆ ಮಾತ್ರ ನಮ್ಮ ಊರಲ್ಲಿ ಭಾಷೆಯ ಭೇದ ಇರಲಿಲ್ಲ.

ನಮ್ಮ ಮೈದಾನ ಅಂದರೆ ಅಪ್ಪನ ಕಣ. ಅಕ್ಕಲಕೋಟೆ ರಸ್ತೆಯ ಬದಿಗೆ ನಮ್ಮದು ಸ್ವಲ್ಪ ಕರಿ ಹೊಲ, ಮಳೆ ಬಂದರೆ ಮಾಲದಂಡಿ ಜೋಳ, ಬರದಿದ್ದರೆ ಬರೀ ಬಿರುಕು. ರಾಶಿಗೆಂದು ಸೆಗಣಿ ಸಾರಿಸಿ ಗಟ್ಟಿ ಮಾಡಿದ ಕಣದಲ್ಲಿ ಹಂತಿ ಎತ್ತು ಸುತ್ತುವ ಮೇಟಿಯೇ ನಮಗೆ ಒಂದು ಕಂಬ. ಇನ್ನೊಂದು ಕಂಬ ಮುರಿದ ನೊಗದ ತುಂಡು. ಸುಗ್ಗಿಯ ದಿನಗಳಲ್ಲಿ ಅಲ್ಲಿಗೆ ಹೋದರೆ ಅಪ್ಪ ಬಾರುಕೋಲು ಎತ್ತುತ್ತಿದ್ದ. ಆದರೆ 1972ರಲ್ಲಿ ಮಳೆಯೇ ಆಗಲಿಲ್ಲ. ಮಹಾರಾಷ್ಟ್ರದ ಆ ದೊಡ್ಡ ಬರದಲ್ಲಿ ಸೊಲ್ಲಾಪುರ ಜಿಲ್ಲೆ ಬೆಂದುಹೋಯಿತು. ರಾಶಿ ಇಲ್ಲ, ಹಂತಿ ಇಲ್ಲ. ಇಡೀ ಚಳಿಗಾಲ ಕಣ ಹುಡುಗರದ್ದೇ ಆಯಿತು. ಹಿರಿಯರ ಹೊಟ್ಟೆ ಉರಿಯುತ್ತಿದ್ದ ಜಾಗದಲ್ಲಿ ನಾವು ಬೆಳದಿಂಗಳಲ್ಲಿ ಕುಣಿಯುತ್ತಿದ್ದೆವು. ಅಪ್ಪ ಒಂದು ದಿನವೂ ಗದರಲಿಲ್ಲ. ಆಗ ಅದು ನನಗೆ ಬರೀ ಖುಷಿ. ಅಪ್ಪನ ಆ ಮೌನ ಏನೆಂದು ತಿಳಿಯಲು ನಾನೇ ಅಪ್ಪನಾಗಬೇಕಾಯಿತು.

ಅಕ್ಕ ಏಳನೇ ಇಯತ್ತೆ, ನಾನು ಆರನೇ. ನಮ್ಮಲ್ಲಿ ಆಕೆಯಷ್ಟು ಚುರುಕು ಓಟ ಯಾರಿಗೂ ಇರಲಿಲ್ಲ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೇಟಿಯನ್ನು ಒಂದೇ ಕೈಲಿ ಹಿಡಿದು ಗರಕ್ಕನೆ ತಿರುಗುತ್ತಿದ್ದಳು. ಬೆನ್ನಟ್ಟಿ ಬಂದವನು ಗಾಳಿಯನ್ನು ಮುಟ್ಟಿ ಮುಂದೆ ಹೋಗಿಬಿಡುತ್ತಿದ್ದ. ಆ ವರ್ಷ ದೀಪಾವಳಿಯಾದ ಮೇಲೆ ಬರಗಾಲದ ಕೆಲಸ ಶುರುವಾಯಿತು: ರಸ್ತೆಗೆ ಖಡಿ ಒಡೆಯುವುದು. ಮನೆಯಿಂದ ಅಪ್ಪ, ಅವ್ವ ಹೋದರು. ಅದೂ ಸಾಲದೆ ಅಕ್ಕನ ವಯಸ್ಸು ಹೆಚ್ಚಿಗೆ ಹೇಳಿ ಹೆಸರು ಬರೆಸಿದರು. ನನ್ನ ಹೆಸರನ್ನೂ ಬರೆಸಬಹುದಿತ್ತು, ನಾನೂ ಗಟ್ಟಿಯಾಗಿಯೇ ಇದ್ದೆ. ಆ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಒಬ್ಬರು ಸಾಲಿ ಬಿಡಬೇಕು ಅಂದಾಗ ಯಾರು ಬಿಡಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ಊಟಕ್ಕೆ ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳ; ಅದರ ರೊಟ್ಟಿ ತಟ್ಟಿದರೆ ಅಂಚು ಬಿರಿಯುತ್ತಿತ್ತು. ಕೆಲಸದ ಜಾಗದಲ್ಲಿ ಕೊಡುತ್ತಿದ್ದ ಸುಖಡಿ ಎಂಬ ತಿನಿಸನ್ನು ಅಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನಗೆ ಅರ್ಧ ಕೊಡುತ್ತಿದ್ದಳು. ಅರ್ಧ ಅಂದುಕೊಂಡಿದ್ದೆ. ಬಹುಶಃ ಪೂರ್ತಿಯೇ ಇರಬೇಕು.

ಒಂದು ಸಂಜೆಯನ್ನು ನಾನು ಐವತ್ತೆರಡು ವರ್ಷ ಒಳಗೇ ಇಟ್ಟುಕೊಂಡಿದ್ದೆ. ಕೆಲಸ ಮುಗಿಸಿ ಬಂದವಳು ಮುಖಕ್ಕೆ ನೀರು ಹಾಕಿಕೊಂಡು ನೇರ ಕಣಕ್ಕೆ ಬಂದಳು. ಕೂದಲಲ್ಲಿ ಕಲ್ಲಿನ ಪುಡಿ ಹಾಗೇ ಇತ್ತು. ಶಾಲೆಗಳ ಪಂದ್ಯ ಹತ್ತಿರ ಬಂದಿತ್ತು, ನಾನು ಹುಡುಗರ ಗುಂಪಿಗೆ ಮುಂದಾಳು. ಅಕ್ಕ ಸಾಲಿನಲ್ಲಿ ಖಾಲಿ ಇದ್ದ ಜಾಗದಲ್ಲಿ ಕೂಡಲು ಬಗ್ಗಿದಳು. ನಾನು ಎಲ್ಲರ ಎದುರಿಗೆ, “ನೀ ಈಗ ಸಾಲ್ಯಾಗ ಇಲ್ಲ, ನಿನಗ ಇಲ್ಲಿ ಜಾಗಾ ಇಲ್ಲ” ಅಂದೆ. ಆಕೆ ಏನೂ ಅನ್ನಲಿಲ್ಲ. ಎದ್ದು ಲಂಗ ಝಾಡಿಸಿ ಮನೆಗೆ ಹೋದಳು. ಮರುದಿನದಿಂದ ಕಣಕ್ಕೆ ಬರಲಿಲ್ಲ. ಮುಂದೆ ಎರಡು ವರ್ಷಕ್ಕೆ ಸೋದರಮಾವನ ಮಗನಿಗೆ ಕೊಟ್ಟು ಊರಲ್ಲೇ ಮದುವೆ ಮಾಡಿದರು. ನಾನು ಸೊಲ್ಲಾಪುರಕ್ಕೆ ಓದಲು ಹೋದೆ, ಪುಣೆಯಲ್ಲಿ ನೌಕರಿ ಸಿಕ್ಕಿತು. ಎದ್ದವನು ಓಡಿದೆ.

ಈ ಸಲ ಜಾತ್ರೆಯಲ್ಲಿ ಅಕ್ಕನ ಜೊತೆ ನಂದಿಕೋಲಿನ ಮೆರವಣಿಗೆ ನೋಡುತ್ತ ನಿಂತಿದ್ದೆ. ಮುಗಿಲಿಗೆ ಮುಟ್ಟುವ ಆ ಏಳು ಕೋಲುಗಳನ್ನು ಬಿಳಿ ಬಟ್ಟೆ ಉಟ್ಟ ಜನ ಬೀಳಗೊಡದೆ ಹೊತ್ತು ನಡೆಯುತ್ತಾರೆ. ಈ ಜಾತ್ರೆಯ ದೈವವಾದ ಶಿವಯೋಗಿ ಸಿದ್ಧರಾಮನನ್ನು ವರಿಸಬೇಕೆಂದ ಕುಂಬಾರರ ಹುಡುಗಿಗೆ ಆತ ತನ್ನ ಯೋಗದಂಡದೊಡನೆ ಮದುವೆಯಾಗಲು ಒಪ್ಪಿಗೆ ಕೊಟ್ಟನೆಂಬ ಕಥೆಯನ್ನು ಅವ್ವ ನಮಗೆ ಪ್ರತಿ ಸಂಕ್ರಾಂತಿಗೆ ಹೇಳುತ್ತಿದ್ದಳು. ಆ ಮದುವೆಯ ನೆನಪಿಗೇ ಇಂದಿಗೂ ಲಕ್ಷ ಜನ ಅಕ್ಷತೆ ಹಾಕುತ್ತಾರೆ. ಆ ಹುಡುಗಿಗೆ ಅವ್ವನ ಕಥೆಯಲ್ಲಿ ಹೆಸರಿರಲಿಲ್ಲ, ಬರೀ ಕುಂಬಾರ ಕನ್ಯೆ. ಈ ಸಲ ಅಕ್ಷತೆ ಹಾಕುವಾಗ ನನಗೆ ಹೆಸರಿಲ್ಲದ ಆ ಹುಡುಗಿಯ ನೆನಪೇ ಬಂತು.

ಪಂದ್ಯ ಮುಗಿದು, ಗಂಡು ಹುಡುಗರೂ ನೇಪಾಳವನ್ನು 54–36ರಿಂದ ಗೆದ್ದ ಮೇಲೆ, ಮನೆಯವರೆಲ್ಲ ಮಲಗಲು ಎದ್ದಾಗ ನಾನು ಆ ಸಂಜೆಯ ಮಾತು ತೆಗೆದೆ. ಗಂಟಲು ಕಟ್ಟಿತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅವತ್ತು ಅಂಗೈ ಗುಳ್ಳಿ ಒಡೆದಿದ್ವು. ನೆಲಕ್ಕ ಕೈ ಊರಿದ್ರ ಜೀವಾ ಹೋಗ್ತಿತ್ತು. ನೀ ಬ್ಯಾಡ ಅಂದದ್ದು ಛಲೋನ ಆಯ್ತು.”

ಇದು ನಿಜವೋ, ನನ್ನ ಭಾರ ಇಳಿಸಲು ಆಕೆ ಹೇಳಿದ್ದೋ, ನನಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ. ನನ್ನ ಸಲುವಾಗಿ ನೀನು ಜೀವನವನ್ನೇ ಬಿಟ್ಟುಕೊಟ್ಟೆ ಅಂದಾಗ ಮಾತ್ರ ಆಕೆಯ ದನಿ ಗಡುಸಾಯಿತು.

“ಬಿಟ್ಟುಕೊಟ್ಟೆ ಅನಬ್ಯಾಡ. ಕೂತಾಕಿ ಆಟದಾಗ ಇಲ್ಲೇನು? ಸಾಲಿ ಬಿಟ್ಟದ್ದಕ್ಕ ನಾ ಅಳಲಿಲ್ಲ. ಓಡೂದು ಬಿಟ್ಟದ್ದಕ್ಕ ಅತ್ತೆ, ಎರಡು ದಿನ. ಆಮ್ಯಾಗ ಮನಿ ನೋಡಿದೆ, ಹೊಲಾ ನೋಡಿದೆ, ಮಕ್ಕಳನ್ನ ಓದಿಸಿದೆ. ಯಾರೂ ನನ್ನ ಮೂಲ್ಯಾಗ ಕೂಡಿಸಿಲ್ಲ.”

ಇಷ್ಟು ವರ್ಷ ನನ್ನ ಪಶ್ಚಾತ್ತಾಪದ ನಡುವೆಯೂ ನಾನೇ ನಿಂತಿದ್ದೆ. ಅವಳ ಬದುಕನ್ನು ನನ್ನ ಓಟದ ಬೆಲೆಯೆಂದಷ್ಟೇ ಎಣಿಸಿದ್ದೆ. ಆ ಎರಡು ದಿನದ ಅಳು ಯಾವುದಕ್ಕೆಂದು ಒಮ್ಮೆಯೂ ಕೇಳಿರಲಿಲ್ಲ. ತಪ್ಪು ಮಾಡಿದ್ದು ಹನ್ನೆರಡರ ಹುಡುಗ, ಅದು ಒಂದು ಸಂಜೆಯದು. ಕೇಳದೆ ಇದ್ದದ್ದು ದೊಡ್ಡವನಾದ ನಾನು, ಅದು ಅರ್ಧ ಶತಮಾನದ್ದು.

ಮರುದಿನ ಬೆಳಗ್ಗೆ ಕಣ ಇದ್ದ ಕಡೆ ನಡೆದುಹೋದೆ. ಕುಂಭಾರಿಯ ಹೊಲಗಳ ಮೇಲೆ ಈಗ ಸಾವಿರಾರು ಮನೆಗಳೆದ್ದಿವೆ. 2006ರಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಗೋದೂತಾಯಿ ಪರುಳೇಕರ್ ಅವರ ಹೆಸರಿನ ಹತ್ತು ಸಾವಿರ ಮನೆ, 2024ರಲ್ಲಿ ರೇ ನಗರದ ಹದಿನೈದು ಸಾವಿರ. ಬಾಡಿಗೆ ಕೋಣೆಯಲ್ಲಿ ಬೆನ್ನು ಬಗ್ಗಿಸಿ ಬೀಡಿ ಸುತ್ತಿದವರಿಗೆ ಸ್ವಂತ ಹೊಸ್ತಿಲು ಸಿಕ್ಕಿದ್ದು ನನಗೆ ಸಂತೋಷ. ಮೇಟಿ ನಿಂತಿದ್ದ ಜಾಗ ಮಾತ್ರ ಎಷ್ಟು ಹುಡುಕಿದರೂ ಗುರುತು ಹತ್ತಲಿಲ್ಲ.

ತಿರುಗಿ ಬಂದಾಗ ಅಂಗಳದಲ್ಲಿ ಮೊಮ್ಮಗಳು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅಕ್ಕನಿಗೆ ಮಂಡಿನೋವು, ಬಾಗಿಲ ಚೌಕಟ್ಟು ಹಿಡಿದು, ಅರ್ಧ ಬಗ್ಗಿ, ಆ ಹುಡುಗಿಯ ಕಾಲಿನ ಹಿಂದೆ ತನ್ನ ಬೆರಳು ತೂರಿಸಿ ನೋಡುತ್ತಿದ್ದಳು.

“ಹಿಮ್ಮಡಿ ನೆಲಕ್ಕ ಹಚ್ಚಬ್ಯಾಡ. ಎತ್ತು, ಇನ್ನೂ ಎತ್ತು. ಕೂತಿದ್ರೂ ಏಳಾಕ ತಯಾರ ಇರಬೇಕು.”

ಆಮೇಲೆ ನನ್ನ ಕಡೆ ತಿರುಗಿ, “ತಮ್ಮಾ, ಆ ಕಡಿಯಿಂದ ಓಡಿ ಬಾ, ಈಕಿಗೆ ಖೋ ಕೊಡು” ಅಂದಳು. ನಾನು ಚಪ್ಪಲಿ ಬಿಟ್ಟೆ.